ಗಾಳಕ್ಕೂ ಬೇಕು ರಹದಾರಿ

ಮಗನೋ ಮಗಳೋ ಜರ್ಮನಿಯಲ್ಲಿ ನೌಕರಿಯಲ್ಲಿದ್ದಾರೆ. ಡೊಂಬಿವಲಿಯಿಂದಲೋ ಪುಣೆಯಿಂದಲೋ ತಂದೆತಾಯಿಗಳು ಬೇಸಗೆ ಕಳೆಯಲು ಅಲ್ಲಿಗೆ ಹೋಗುತ್ತಾರೆ. ಹಗಲೆಲ್ಲ ಮನೆ ನಿಶ್ಶಬ್ದ. ರಾತ್ರಿ ಒಂಬತ್ತಾದರೂ ಆರದ ಬೆಳಕು. ಮನೆಯಿಂದ ನಾಲ್ಕು ಹೆಜ್ಜೆ ನಡೆದರೆ ಒಂದು ಸರೋವರ. ತುಂಗೆಯ ದಂಡೆಯಲ್ಲೋ ಗಂಗಾವಳಿಯ ಅಳಿವೆಯಲ್ಲೋ ಬಾಲ್ಯ ಕಳೆದ ಅಜ್ಜನಿಗೆ ಆ ನೀರನ್ನು ಕಂಡೊಡನೆ ಬಿದಿರ ಕೋಲೂ ತೆಂಗಿನ ಚಿಪ್ಪಿನಲ್ಲಿ ಕೂಡಿಟ್ಟ ಎರೆಹುಳುಗಳೂ ನೆನಪಾಗುವುದು ಸಹಜ. ಮೊಮ್ಮಗನ ಕೈ ಹಿಡಿದು ಅಂಗಡಿಗೆ ಹೋದರೆ ಗಾಳದ ಕೋಲು, ದಾರ, ಕೊಕ್ಕೆ ಎಲ್ಲವೂ ದೊರೆಯುತ್ತವೆ. ಅಂಗಡಿಯವನು ಹಣ ಎಣಿಸಿಕೊಳ್ಳುತ್ತಾನೆಯೇ ಹೊರತು ಬೇರೇನನ್ನೂ ಕೇಳುವುದಿಲ್ಲ. ಕೇಳುವವನು ಮುಂದೆ ದಂಡೆಯ ಮೇಲೆ ಸಿಗುತ್ತಾನೆ.

ಅವನು ಕೇಳುವುದು ಒಂದಲ್ಲ, ಎರಡು ಕಾಗದಗಳನ್ನು. ಎರಡೂ ಇಲ್ಲದೆ ಪರರ ನೀರಿನಲ್ಲಿ ಗಾಳ ಹಾಕಿ ಕುಳಿತವನು ಜರ್ಮನಿಯ ದಂಡಸಂಹಿತೆಯ 293ನೆಯ ಕಲಮಿನ ಪ್ರಕಾರ ಮೀನುಗಳ್ಳ. ಈ ಅಪರಾಧಕ್ಕೆ ದಂಡ, ಇಲ್ಲವೇ ಎರಡು ವರ್ಷಗಳವರೆಗಿನ ಸೆರೆವಾಸ ಎಂದು ಆ ಕಲಮು ಹೇಳುತ್ತದೆ. ಪ್ರವಾಸಿಯೊಬ್ಬನನ್ನು ಎರಡು ಮೀನಿಗಾಗಿ ಯಾರೂ ಸೆರೆಮನೆಗೆ ಕಳುಹಿಸಲಿಕ್ಕಿಲ್ಲ, ನಿಜ. ಆದರೆ ವೀಸಾದ ಮೇಲೆ ಬಂದ ವೃದ್ಧರಿಗೂ, ಅವರನ್ನು ಕರೆಸಿಕೊಂಡ ಮಕ್ಕಳಿಗೂ ಪೊಲೀಸರ ಕಡತದಲ್ಲಿ ಹೆಸರು ಬೀಳುವುದೆಂದರೆ ಅದೇನು ಸಣ್ಣ ಮಾತಲ್ಲ.

ಊರ ಕೆರೆಯೂ ಯಾರದೂ ಅಲ್ಲದ್ದೇನಲ್ಲ. ಪಂಚಾಯತಿಯವರು ಮೀನು ಹರಾಜು ಹಾಕುತ್ತಿದ್ದರು. ಗುತ್ತಿಗೆ ಹಿಡಿದವನು ಹುಡುಗರನ್ನು ಗದರಿಸಿ ಓಡಿಸುತ್ತಿದ್ದ. ಮಾತು ಅಲ್ಲಿಗೇ ಮುಗಿಯುತ್ತಿತ್ತು. ಯುರೋಪಿನಲ್ಲಿ ಅದು ಅಲ್ಲಿಗೇ ಮುಗಿಯದಿರುವುದಕ್ಕೆ ಹಳೆಯ ಕಾರಣವಿದೆ. ಮಧ್ಯಯುಗದಲ್ಲಿ ಹರಿಯುವ ನೀರಿನ ಮೀನು ಪ್ರಭುಗಳದೂ ಮಠಗಳದೂ ಆಗಿತ್ತು. 1525ರಲ್ಲಿ ದಕ್ಷಿಣ ಜರ್ಮನಿಯ ರೈತರು ದಂಗೆಯೆದ್ದಾಗ ಮೆಮ್ಮಿಂಗನ್ ಪಟ್ಟಣದಲ್ಲಿ ಹನ್ನೆರಡು ಬೇಡಿಕೆಗಳನ್ನು ಬರೆದು ಅಚ್ಚು ಹಾಕಿಸಿದರು. ಅವುಗಳಲ್ಲಿ ನಾಲ್ಕನೆಯದು ಬೇಟೆಯ ಮತ್ತು ಮೀನಿನ ಹಕ್ಕನ್ನು ಕುರಿತದ್ದು. ದೇವರು ಎಲ್ಲರಿಗಾಗಿ ಸೃಷ್ಟಿಸಿದ ಮೀನನ್ನು ಬಡವನು ಮುಟ್ಟಬಾರದೆಂಬುದು ಯಾವ ನ್ಯಾಯ ಎಂಬುದು ಅದರ ತಾತ್ಪರ್ಯ. ದಂಗೆಯನ್ನು ಕ್ರೂರವಾಗಿ ಅಡಗಿಸಲಾಯಿತು. ಸತ್ತವರು ಒಂದು ಲಕ್ಷದವರೆಗೆ ಇರಬಹುದೆಂಬ ಅಂದಾಜಿದೆ. ಪ್ರಭುಗಳು ಹೋದರೂ ಮೀನಿನ ಹಕ್ಕು ಭೂಮಿಯಂತೆ ಕೈ ಬದಲಾಯಿಸುತ್ತ ಉಳಿಯಿತು. ಇಂದು ಅದು ಒಂದೆಡೆ ರಾಜ್ಯದ್ದು, ಒಂದೆಡೆ ಖಾಸಗಿ ಒಡೆಯನದು, ಬಹಳ ಕಡೆ ಗಾಳಗಾರರ ಸಂಘಗಳದು.

ಎರಡು ಕಾಗದಗಳ ಗುಟ್ಟು ಇಲ್ಲಿದೆ. ಮೊದಲನೆಯದು ಮನುಷ್ಯನಿಗೆ ಕೊಡುವ ಸರಕಾರಿ ಪರವಾನಗಿ. ಎರಡನೆಯದು ನೀರಿಗೆ ಸಂಬಂಧಿಸಿದ್ದು. ಈ ಸರೋವರದ ಈ ದಂಡೆಯಲ್ಲಿ, ಈ ದಿನ, ಇಷ್ಟು ಕೋಲುಗಳಿಂದ ಮೀನು ಹಿಡಿಯಬಹುದೆಂದು ಹಕ್ಕುದಾರನು ಕೊಡುವ ಅಪ್ಪಣೆ ಚೀಟಿ. ವಾಹನ ಓಡಿಸುವ ಲೈಸೆನ್ಸಿದೆ ಎಂದ ಮಾತ್ರಕ್ಕೆ ಬೀದಿಯಲ್ಲಿ ನಿಂತ ಯಾವ ಕಾರನ್ನಾದರೂ ಹತ್ತಲು ಬರುತ್ತದೆಯೇ? ಹಾಗೆಯೇ ಇದು. ಪ್ರವಾಸಿಗಳು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ: ಒಂದು ಕಾಗದ ಕೊಂಡು, ಎಲ್ಲವೂ ಆಯಿತೆಂದು ತಿಳಿದು ಕೂರುತ್ತಾರೆ.

ಜರ್ಮನಿಯಲ್ಲಿ ಮೊದಲನೆಯ ಕಾಗದಕ್ಕೆ ಪರೀಕ್ಷೆಯನ್ನೇ ಕಟ್ಟಬೇಕು. ಬವೇರಿಯ ಪ್ರಾಂತದಲ್ಲಿ 60 ಪ್ರಶ್ನೆಗಳು. 45ಕ್ಕೆ ಸರಿಯುತ್ತರ ಬರೆದವನೇ ಉತ್ತೀರ್ಣ. ಮೀನಿನ ಜಾತಿ, ಅದರ ರೋಗ, ನೀರಿನ ಗುಣ, ಸಲಕರಣೆ, ಕಾನೂನು ಇವೆಲ್ಲ ಪಠ್ಯವಿಷಯ. ಹಿಡಿದ ಮೀನನ್ನು ನೋವಿಲ್ಲದೆ ಕೊಲ್ಲುವ ಕ್ರಮವನ್ನೂ ಕಲಿಯಬೇಕು: ಮೊದಲು ತಲೆಗೆ ಒಂದೇ ಪೆಟ್ಟು ಕೊಟ್ಟು ಪ್ರಜ್ಞೆ ತಪ್ಪಿಸಿ, ಆಮೇಲೆ ರಕ್ತ ಹರಿಸಬೇಕು. ದಡದ ಮೇಲೆ ಹೊರಳಾಡಿ ಸಾಯಲು ಬಿಡುವುದು ಅಪರಾಧ. ಬಾಲ್ಯದಲ್ಲಿ ಹೊಳೆಯ ದಂಡೆಯ ಮೇಲೆ ಒದ್ದಾಡುವ ಮೀನನ್ನು ಕಂಡು ಚಪ್ಪಾಳೆ ತಟ್ಟಿದವರು ಈ ಪಾಠವನ್ನು ಓದಿ ಒಂದು ಕ್ಷಣ ಸುಮ್ಮನಾಗಬಹುದು.

ಮೂರು ತಿಂಗಳಿಗೆಂದು ಬಂದ ಅಜ್ಜ ಪರೀಕ್ಷೆಗೆ ಕೂಡುವುದೆಂತು? ಅದಕ್ಕೂ ದಾರಿಗಳಿವೆ, ಆದರೆ ಪ್ರಾಂತದಿಂದ ಪ್ರಾಂತಕ್ಕೆ ಅವು ಬೇರೆ ಬೇರೆ. ಬಾಲ್ಟಿಕ್ ಕಡಲಂಚಿನ ಮೆಕ್ಲೆನ್‌ಬುರ್ಗ್-ಫೋರ್‌ಪೊಮರ್ನ್ ಪ್ರಾಂತದವರು ಪ್ರವಾಸಿಗಳಿಗಾಗಿಯೇ 28 ದಿನಗಳ ಪರವಾನಗಿ ಕೊಡುತ್ತಾರೆ, ಪರೀಕ್ಷೆ ಬೇಡ. ಬರ್ಲಿನ್ ನಗರವನ್ನು ಸುತ್ತುವರಿದ ಬ್ರಾಂಡೆನ್‌ಬುರ್ಗಿನಲ್ಲಿ 2006ರಿಂದ ಗೆಂಡೆಯಂಥ ಸಾಧು ಮೀನುಗಳನ್ನು ಪರೀಕ್ಷೆಯಿಲ್ಲದೆ ಹಿಡಿಯಬಹುದು. ಮೀನುಗಾರಿಕೆಯ ತೆರಿಗೆ ಕಟ್ಟಿದ ಗುರುತೂ ಆ ನೀರಿನ ಚೀಟಿಯೂ ಇದ್ದರೆ ಸಾಕು. ಪೈಕ್‌ನಂಥ ಬೇಟೆಮೀನಿಗೆ ಆ ರಿಯಾಯಿತಿ ಇಲ್ಲ. ಗೆಂಡೆಗೆಂದು ಹಾಕಿದ ಗಾಳಕ್ಕೆ ಪೈಕ್ ಕಚ್ಚಿದರೆ ಮೀನಿಗೆ ಕಾನೂನು ತಿಳಿಯದು, ಗಾಳಗಾರನಿಗೆ ತಿಳಿದಿರಬೇಕು.

ಇದಕ್ಕಿಂತ ವಿಚಿತ್ರವಾದದ್ದು ಹಿಡಿದ ಮೀನನ್ನು ಏನು ಮಾಡಬೇಕೆಂಬ ಪ್ರಶ್ನೆ. ಇಂಗ್ಲೆಂಡಿನ ಗಾಳಗಾರನು ಗೆಂಡೆಯನ್ನು ಹಿಡಿದು, ತೂಗಿ, ಚಿತ್ರ ತೆಗೆಸಿಕೊಂಡು, ಜೋಪಾನವಾಗಿ ನೀರಿಗೆ ಮರಳಿಸುತ್ತಾನೆ. ಅಲ್ಲಿ ಅದೇ ಸಭ್ಯತೆ. ಅಲ್ಲಿಯ ನದಿಗಳಿಂದ ಮನೆಗೆ ಒಯ್ಯಬಹುದಾದದ್ದು ಬಹಳ ಸ್ವಲ್ಪ: ದಿನಕ್ಕೆ 65 ಸೆಂ.ಮೀ. ಮೀರದ ಒಂದು ಪೈಕ್, 20 ಸೆಂ.ಮೀ. ಮೀರದ ಹದಿನೈದು ಸಣ್ಣ ಮೀನುಗಳು, ಇಂಥವು. ಹಾವುಮೀನು ಸಿಕ್ಕರೆ ಬಿಟ್ಟೇ ಬಿಡಬೇಕು. ಆ ಜಾತಿ ಅಳಿವಿನ ಅಂಚಿನಲ್ಲಿದೆ. ಸಾರಿಗೆಂದು ಚೀಲ ತುಂಬಿಕೊಂಡು ಹೊರಟವನನ್ನು ಅಲ್ಲಿ ಕಳ್ಳನೆಂದೇ ನೋಡುತ್ತಾರೆ.

ಅದೇ ಸಭ್ಯತೆ ಸ್ವಿಟ್ಸರ್ಲೆಂಡಿಗೆ ಹೋದರೆ ಅಪರಾಧ. 2008ರ ಅಲ್ಲಿಯ ಪ್ರಾಣಿರಕ್ಷಣೆಯ ನಿಯಮಾವಳಿಯ ಪ್ರಕಾರ, ಬಿಟ್ಟುಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವಂತಿಲ್ಲ. ಮನೋರಂಜನೆಗಾಗಿ ಮಾತ್ರ ಒಂದು ಜೀವಿಯ ಬಾಯಿಗೆ ಕೊಕ್ಕೆ ಚುಚ್ಚುವುದೇಕೆ ಎಂಬುದು ಅವರ ವಾದ. ಹಿಡಿಯುವುದಾದರೆ ತಿನ್ನಲಿಕ್ಕೆ ಹಿಡಿ, ತಿನ್ನದಿದ್ದರೆ ಹಿಡಿಯಬೇಡ. ಜರ್ಮನಿಯ ಪ್ರಾಣಿರಕ್ಷಣಾ ಕಾನೂನೂ ಸಕಾರಣವಿಲ್ಲದೆ ನೋವುಂಟುಮಾಡುವುದನ್ನು ನಿಷೇಧಿಸುತ್ತದೆ. ದೊಡ್ಡ ಮೀನಿನೊಡನೆ ಚಿತ್ರ ತೆಗೆಸಿಕೊಂಡು ನೀರಿಗೆ ಬಿಟ್ಟವರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದುಂಟು. ನಿಗದಿತ ಅಳತೆಗಿಂತ ಚಿಕ್ಕದಾದ ಮೀನನ್ನು ಮಾತ್ರ ಎಲ್ಲೆಡೆಯೂ ಬಿಡಲೇಬೇಕು. ಸ್ವಿಟ್ಸರ್ಲೆಂಡಿನಲ್ಲಿ ಒಂದು ತಿಂಗಳಿಗಿಂತ ಹೆಚ್ಚಿನ ಅವಧಿಯ ಚೀಟಿ ಬೇಕಾದವರು 2009ರಿಂದ ತಿಳಿವಳಿಕೆಯ ಪ್ರಮಾಣಪತ್ರ ತೋರಿಸಬೇಕಾಗಿದೆ. ಒಂದೆರಡು ದಿನಗಳ ಪ್ರವಾಸಿಗೆ ಆ ತೊಡಕಿಲ್ಲ. ಈ ಎರಡು ಮತಗಳಲ್ಲಿ ಯಾವುದು ಹೆಚ್ಚು ದಯೆಯುಳ್ಳದ್ದೆಂದು ವಾಚಕರೇ ನಿರ್ಣಯಿಸಬೇಕು. ಗಡಿ ದಾಟಿದೊಡನೆ ಧರ್ಮವೇ ತಿರುಗುಮುರುಗಾಗುತ್ತದೆಂಬುದನ್ನು ಮಾತ್ರ ನೆನಪಿಡಬೇಕು.

ಇಂಗ್ಲೆಂಡಿನಲ್ಲಿ ಪರೀಕ್ಷೆಯಿಲ್ಲ. 13 ವರ್ಷ ತುಂಬಿದ ಪ್ರತಿಯೊಬ್ಬರೂ ಸಿಹಿನೀರಿನಲ್ಲಿ ಗಾಳ ಹಾಕಲು ಪರವಾನಗಿ ಪಡೆಯಬೇಕು. ಹದಿನಾರರವರೆಗೆ ಶುಲ್ಕವಿಲ್ಲ, ಆದರೆ ಕಾಗದ ಬೇಕು. ಇಲ್ಲದಿದ್ದರೆ 2,500 ಪೌಂಡುಗಳವರೆಗೆ ದಂಡ. ನೀರಿನ ಒಡೆಯನ ಅನುಮತಿ ಬೇರೆಯೇ. ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಗಳಲ್ಲಿ ಗೆಂಡೆ, ಪೈಕ್ ಮೊದಲಾದವುಗಳಿಗೆ ಬಿಡುವು, ಮೊಟ್ಟೆಯಿಡುವ ಕಾಲ. ಮುಂಬಯಿಯ ಶಾಲೆಗಳಿಗೆ ರಜೆಯಿರುವ ಮೇ ತಿಂಗಳಿನಲ್ಲೇ ಮೊಮ್ಮಕ್ಕಳನ್ನು ನೋಡಲು ಹೋಗುವವರು ಇದನ್ನು ಗಮನಿಸಬೇಕು. ಉತ್ತರಕ್ಕೆ ಸ್ಕಾಟ್ಲೆಂಡಿಗೆ ಹೋದರೆ ಅಂಥ ಸರಕಾರಿ ಪರವಾನಗಿಯೇ ಇಲ್ಲ, ಒಡೆಯನ ಅಪ್ಪಣೆಯೇ ಎಲ್ಲ. ಅಲ್ಲಿ ಭಾನುವಾರ ಸಾಲ್ಮನ್ ಹಿಡಿಯುವುದು ಮಾತ್ರ ನಿಷಿದ್ಧ.

ಫ್ರಾನ್ಸಿನಲ್ಲಿ ಗಾಳಗಾರರ ಸಂಘದ ಚೀಟಿ ಕೊಳ್ಳಬೇಕು. ಒಂದು ದಿನದ್ದೂ ಒಂದು ವಾರದ್ದೂ ದೊರೆಯುತ್ತದೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆ ಆರಂಭ, ಸೂರ್ಯಾಸ್ತದ ಅರ್ಧ ಗಂಟೆಯ ನಂತರ ಮುಕ್ತಾಯ. ರಾತ್ರಿ ಗೆಂಡೆ ಹಿಡಿಯಲು ಗುರುತುಮಾಡಿದ ಸ್ಥಳಗಳು ಬೇರೆ. ಹಾಲೆಂಡಿನಲ್ಲಿಯೂ ಸಂಘದ ಸದಸ್ಯತ್ವವೇ ಪರವಾನಗಿ. ಅದರೊಡನೆ ಬರುವ ನೀರುಗಳ ಪಟ್ಟಿಯಲ್ಲಿ ಹೆಸರಿಲ್ಲದ ಕಾಲುವೆಗೆ ಗಾಳ ಹಾಕುವಂತಿಲ್ಲ. ಜೀವಂತ ಮೀನನ್ನು ಎರೆಯಾಗಿ ಚುಚ್ಚುವುದು ಹಾಲೆಂಡ್, ಜರ್ಮನಿಗಳಲ್ಲಿ ನಿಷಿದ್ಧ.

ಉತ್ತರದ ದೇಶಗಳು ಉದಾರಿಗಳು. ಫಿನ್ಲೆಂಡಿನಲ್ಲಿ ರಾಟೆಯಿಲ್ಲದ ಸಾದಾ ಕೋಲು, ದಾರ, ಎರೆಹುಳು ಇಷ್ಟರಿಂದ ಮೀನು ಹಿಡಿಯುವುದು ಪ್ರತಿಯೊಬ್ಬನ ಹಕ್ಕು. ಪರದೇಶಿಗೂ ಅದು ಉಂಟು. ತುಂಗೆಯ ದಂಡೆಯ ಹುಡುಗನ ಬಿದಿರ ಕೋಲಿಗೆ ಯುರೋಪಿನಲ್ಲಿ ಎಲ್ಲಿಯಾದರೂ ಸಂಪೂರ್ಣ ಮನ್ನಣೆಯಿದ್ದರೆ ಅದು ಇಲ್ಲಿ. ರಭಸದ ಸಾಲ್ಮನ್ ಹೊಳೆಗಳು ಮತ್ತು ಪ್ರತ್ಯೇಕವಾಗಿ ನಿಷೇಧಿಸಿದ ಸ್ಥಳಗಳು ಇದಕ್ಕೆ ಹೊರತು. ಸ್ವೀಡನ್ನಿನ ಐದು ಮಹಾಸರೋವರಗಳಲ್ಲಿಯೂ ಕಡಲ ತೀರದಲ್ಲಿಯೂ ಕೈಗಾಳಕ್ಕೆ ಚೀಟಿ ಬೇಡ. ನಾರ್ವೆಯ ಸಮುದ್ರದಲ್ಲಿಯೂ ಹಾಗೆಯೇ. ಆದರೆ ಹಿಡಿದದ್ದನ್ನು ದೇಶದ ಹೊರಗೆ ಒಯ್ಯಲು ಮಿತಿಯಿದೆ, ಅದೂ 2021ರಿಂದ ನೋಂದಾಯಿತ ಪ್ರವಾಸಿ ಮೀನುಗಾರಿಕೆಯ ಸಂಸ್ಥೆಯ ಮೂಲಕ ಹಿಡಿದವರಿಗೆ ಮಾತ್ರ.

ನಾರ್ವೆಯ ಸಾಲ್ಮನ್ ನದಿಗಳಿಗೆ ಹೋಗುವವರಿಗೆ ಇನ್ನೊಂದು ಕಾಗದ ಕಾದಿದೆ. ಕೋಲು, ರಾಟೆ, ಬೂಟುಗಳನ್ನು ಔಷಧದಲ್ಲಿ ಅದ್ದಿ ಸೋಂಕು ತೆಗೆಸಿದ ಪ್ರಮಾಣಪತ್ರವನ್ನು ಬಹಳ ನದಿಗಳಲ್ಲಿ ಕೇಳುತ್ತಾರೆ. ಇದು ಬರಿಯ ಶಿಷ್ಟಾಚಾರವಲ್ಲ. 1970ರ ದಶಕದಲ್ಲಿ ಬಾಲ್ಟಿಕ್ ಕಡೆಯಿಂದ ತಂದ ಮರಿಮೀನುಗಳೊಡನೆ ಅರ್ಧ ಮಿಲಿಮೀಟರಿನಷ್ಟು ಉದ್ದದ ಒಂದು ಪರೋಪಜೀವಿ ನಾರ್ವೆಗೆ ಬಂದಿತು. ಅದು ಮರಿಗಳ ಚರ್ಮಕ್ಕೆ ಅಂಟಿಕೊಂಡು ಐವತ್ತರ ಆಸುಪಾಸಿನಷ್ಟು ನದಿಗಳಲ್ಲಿ ಸಾಲ್ಮನ್ ಸಂತತಿಯನ್ನೇ ಹಾಳುಗೆಡವಿತು. ಅದನ್ನು ನಿರ್ಮೂಲ ಮಾಡಲು ಇಡೀ ನದಿಗೆ ರೋಟೆನೋನ್ ಎಂಬ ಸಸ್ಯಮೂಲದ ವಿಷ ಸುರಿದು ಮೀನುಗಳನ್ನೆಲ್ಲ ಕೊಂದು, ಮತ್ತೆ ಹೊಸದಾಗಿ ಮರಿ ಬಿಡಬೇಕಾಯಿತು. ಮಲೆನಾಡಿನ ಹೊಳೆಗಳಲ್ಲಿ ಕಾರೆಕಾಯಿ ಅರೆದು ಹಾಕಿ ಮೀನಿಗೆ ಮತ್ತು ಬರಿಸುವುದನ್ನು ಕಂಡವರಿಗೆ ಈ ಉಪಾಯ ಹೊಸದೆನಿಸದು. ಉದ್ದೇಶ ಮಾತ್ರ ತದ್ವಿರುದ್ಧ. ಒದ್ದೆ ಬೂಟಿನಲ್ಲಿ ಒಂದು ನದಿಯಿಂದ ಇನ್ನೊಂದಕ್ಕೆ ನಡೆದರೆ ಏನಾದೀತೆಂಬುದಕ್ಕೆ ನಾರ್ವೆಯವರು ತೆತ್ತ ಬೆಲೆ ಸಾಕ್ಷಿ.

ಮೀನಿನ ಆರೋಗ್ಯದ ಮಾತಾಯಿತು, ಮನುಷ್ಯನದೂ ಇದೆ. ದೊಡ್ಡ ಪೈಕ್ ಮೀನಿನ ಮಾಂಸದಲ್ಲಿ ಪಾದರಸ ಸೇರಿಕೊಂಡಿರುವುದುಂಟು. ಬಾಣಂತನಕ್ಕೆಂದು ಮಗಳ ಮನೆಗೆ ಹೋಗುವ ತಾಯಂದಿರು ಇದನ್ನು ಮುಖ್ಯವಾಗಿ ತಿಳಿದಿರಬೇಕು: ಬಸುರಿಯರೂ ಮೊಲೆಯೂಡಿಸುವವರೂ ಪೈಕ್ ತಿನ್ನಲೇಬಾರದೆಂದು ಫಿನ್ಲೆಂಡಿನ ಆಹಾರ ಇಲಾಖೆ ಹೇಳುತ್ತದೆ. ಸಿಹಿನೀರಿನ ಮೀನನ್ನು ಹಸಿಯಾಗಿಯೋ ಅರೆಬೆಂದದ್ದಾಗಿಯೋ ತಿಂದರೆ ಹೊಟ್ಟೆಯಲ್ಲಿ ಲಾಡಿಹುಳು ಸೇರಬಹುದು. ಚೆನ್ನಾಗಿ ಕುದಿಸಿದ ಹುಳಿಸಾರಿಗೆ ಆ ಭಯವಿಲ್ಲ. ಮಧ್ಯ ಯುರೋಪಿನಲ್ಲಿಯೂ ಬಾಲ್ಟಿಕ್ ತೀರದಲ್ಲಿಯೂ ಹುಲ್ಲಿನ ದಂಡೆಯ ಉಣ್ಣೆಗಳು ಮಿದುಳಿನ ಉರಿಯೂತ ತರುವ ವೈರಸ್ಸನ್ನು ಹೊತ್ತಿರುತ್ತವೆ. ಇದಕ್ಕೆ ಲಸಿಕೆಯಿದೆ, ಆದರೆ ಒಂದೇ ಚುಚ್ಚುಮದ್ದಿನಲ್ಲಿ ಮುಗಿಯುವುದಿಲ್ಲವಾದ್ದರಿಂದ ಹೊರಡುವ ಕೆಲವು ವಾರ ಮುಂಚೆಯೇ ವೈದ್ಯರನ್ನು ಕೇಳುವುದು ಲೇಸು. ಇಲಿಯ ಮೂತ್ರದಿಂದ ನೀರಿಗೆ ಸೇರುವ ಲೆಪ್ಟೋಸ್ಪೈರೋಸಿಸ್ ರೋಗವನ್ನು 2005ರ ಮಹಾಮಳೆಯ ನಂತರ ಮುಂಬಯಿಯವರಿಗೆ ಪರಿಚಯಿಸಬೇಕಾಗಿಲ್ಲ. ಇಂಗ್ಲೆಂಡಿನ ನದಿಗಳಲ್ಲಿಯೂ ಅದು ಇದೆ. ಗಾಳಗಾರರು ಕೈಯ ಗಾಯಕ್ಕೆ ನೀರು ತಾಗದ ಪಟ್ಟಿ ಕಟ್ಟಿಕೊಳ್ಳುತ್ತಾರೆ, ಕೈ ತೊಳೆಯದೆ ತಿಂಡಿಯ ಡಬ್ಬಿ ತೆರೆಯುವುದಿಲ್ಲ.

ಶುಲ್ಕವೂ ನಿಯಮವೂ ಆಗಾಗ ಬದಲಾಗುವುದರಿಂದ ಊರಿಗೆ ಹೋದೊಡನೆ ಪುರಸಭೆಯಲ್ಲೋ ಪ್ರವಾಸಿ ಕಚೇರಿಯಲ್ಲೋ ಗಾಳದ ಅಂಗಡಿಯಲ್ಲೋ ವಿಚಾರಿಸಬೇಕು. ಮುಖ್ಯವಾಗಿ ಕೇಳಬೇಕಾದ ಪ್ರಶ್ನೆಗಳು ಎರಡು: ಮನುಷ್ಯನಿಗೆ ಯಾವ ಕಾಗದ, ಈ ನೀರಿಗೆ ಯಾವ ಕಾಗದ? ಎರಡನ್ನೂ ಪಾಸ್‌ಪೋರ್ಟಿನೊಡನೆ ಜೇಬಿನಲ್ಲಿಟ್ಟುಕೊಂಡೇ ದಂಡೆಗೆ ಹೋಗಬೇಕು. ಮನೆಯಲ್ಲಿದೆ ಎಂಬ ಉತ್ತರ ನಡೆಯದು. ಕೆಲವು ಕಡೆ ಚೀಟಿಯೊಡನೆ ಒಂದು ಲೆಕ್ಕದ ಹಾಳೆಯನ್ನೂ ಕೊಡುತ್ತಾರೆ. ಯಾವ ದಿನ, ಯಾವ ಮೀನು, ಎಷ್ಟು ತೂಕ ಎಂದು ಅದರಲ್ಲಿ ತುಂಬಬೇಕು. ಇಂಗ್ಲೆಂಡಿನಲ್ಲಿ ಸಾಲ್ಮನ್ ಪರವಾನಗಿ ಪಡೆದವರು ವರ್ಷಾಂತ್ಯಕ್ಕೆ ಲೆಕ್ಕ ಒಪ್ಪಿಸಲೇಬೇಕು. ಇಡೀ ಋತುವಿನಲ್ಲಿ ಒಂದು ಮೀನೂ ಕಚ್ಚದಿದ್ದರೆ ಸೊನ್ನೆ ಎಂದು ಬರೆದು ಕಳುಹಿಸಬೇಕು.