ಮನೆ ಮಂಜೇಶ್ವರ, ಕೆಲಸ ಮಂಗಳೂರು: ತೆರಿಗೆ ಕಟ್ಟುವುದು ಯಾರಿಗೆ?

ರೇಷನ್ ಕಾರ್ಡು ಕೇರಳದ್ದು. ಓಟು ಕೇರಳದಲ್ಲಿ. ಸಂಬಳ ಮಾತ್ರ ಕರ್ನಾಟಕದಲ್ಲಿ. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಕಡೆಯಿಂದ ದಿನಾ ಬೆಳಗ್ಗೆ ತಲಪಾಡಿ ದಾಟಿ ಮಂಗಳೂರಿನ ಬ್ಯಾಂಕು, ಆಸ್ಪತ್ರೆ, ಕಾಲೇಜು, ಅಂಗಡಿಗಳಿಗೆ ಬಂದು, ಸಂಜೆ ಬಸ್ಸಿಗೋ ರೈಲಿಗೋ ಓಡುವವರ ಬದುಕು ಇದು. 1956ರ ನವೆಂಬರ್ 1ರಂದು ಗೆರೆ ಎಳೆದವರು ಊರನ್ನು ಆಚೆಗೆ ಹಾಕಿದರು, ಪೇಟೆಯನ್ನು ಈಚೆಗೆ ಬಿಟ್ಟರು. ಗೆರೆಯ ಕಷ್ಟ ಎಂಥದ್ದೆಂದು 2020ರಲ್ಲಿ ತಲಪಾಡಿ ಗಡಿಗೆ ಬೇಲಿ ಬಿದ್ದಾಗ ಇಡೀ ದೇಶವೇ ನೋಡಿತು.

ಈ ಜನರನ್ನು ಪ್ರತಿ ಜುಲೈಯಲ್ಲಿ ಇನ್ನೊಂದು ಚಿಂತೆ ಹಿಡಿಯುತ್ತದೆ. "ನಮ್ಮದು ಎರಡು ರಾಜ್ಯದ ಬದುಕು ಮಾರಾಯ್ರೆ, ಆದಾಯ ತೆರಿಗೆ ರಿಟರ್ನ್ ಎಲ್ಲಿ ಹಾಕುವುದು? ಎರಡೂ ಕಡೆ ಹಾಕಬೇಕಂತೆ, ಹೌದಾ?"

ಅಲ್ಲ. ಒಂದೇ ಸಾಕು.

ಸಂಬಳ, ವ್ಯಾಪಾರ, ಬಡ್ಡಿಯ ಆದಾಯಕ್ಕೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನ ಕೇಂದ್ರ ಸರಕಾರಕ್ಕೆ ಮಾತ್ರ ಕೊಟ್ಟಿದೆ. ತಿರುವನಂತಪುರಕ್ಕೂ ಇಲ್ಲ, ಬೆಂಗಳೂರಿಗೂ ಇಲ್ಲ. ಕಾಸರಗೋಡಿನ ವಿಳಾಸ ಬರೆದರೂ ಮಂಗಳೂರಿನ ವಿಳಾಸ ಬರೆದರೂ ಕಟ್ಟುವ ತೆರಿಗೆಯಲ್ಲಿ ಒಂದು ಪೈಸೆ ವ್ಯತ್ಯಾಸವಾಗದು. ಕಂಪ್ಯೂಟರಿನಲ್ಲಿ ಹಾಕಿದ ರಿಟರ್ನ್ ತಪಾಸಣೆಗೆ ಹೋಗುವುದು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣ ಕೇಂದ್ರಕ್ಕೆ. ಕಾಶ್ಮೀರದವನದ್ದೂ ಅಲ್ಲಿಗೇ, ಕುಂಬಳೆಯವನದ್ದೂ ಅಲ್ಲಿಗೇ.

ಹಾಗಾದರೆ ಈ ಎರಡು ರಿಟರ್ನ್ ಸುದ್ದಿ ಹುಟ್ಟಿದ್ದೆಲ್ಲಿ? ಬಹುಶಃ ಅಮೆರಿಕದಲ್ಲಿರುವ ಮಕ್ಕಳ ಫೋನಿನಿಂದ ಇರಬೇಕು. ಅಲ್ಲಿ ಹೆಚ್ಚಿನ ರಾಜ್ಯಗಳಿಗೆ ತಮ್ಮದೇ ಆದಾಯ ತೆರಿಗೆ ಉಂಟು. ನ್ಯೂಜೆರ್ಸಿಯಲ್ಲಿ ಮನೆ ಮಾಡಿ ನ್ಯೂಯಾರ್ಕಿಗೆ ಕೆಲಸಕ್ಕೆ ಹೋಗುವವರು ಕೇಂದ್ರದ ರಿಟರ್ನ್ ಜತೆಗೆ ನ್ಯೂಯಾರ್ಕಿಗೆ ಒಂದು, ನ್ಯೂಜೆರ್ಸಿಗೆ ಇನ್ನೊಂದು ಹಾಕಬೇಕು. ಅಲ್ಲಿ ಕಟ್ಟಿದ್ದಕ್ಕೆ ಇಲ್ಲಿ ವಜಾ ಕೇಳಬೇಕು. ಅದು ಅವರ ಪಾಡು. ತಲಪಾಡಿಯಲ್ಲಿ ಆ ಕಾನೂನು ಇಲ್ಲ.

ವೃತ್ತಿ ತೆರಿಗೆಯ ಕತೆ ಬೇರೆ

ರಾಜ್ಯದ ಗೆರೆ ನಿಜವಾಗಿ ಲೆಕ್ಕಕ್ಕೆ ಬರುವುದು ವೃತ್ತಿ ತೆರಿಗೆಯಲ್ಲಿ. ಕರ್ನಾಟಕದಲ್ಲಿ ಇದು 1976ರ ಕಾಯಿದೆ. ತಿಂಗಳ ಸಂಬಳ 25,000 ರೂ. ಮುಟ್ಟಿದರೆ ತಿಂಗಳಿಗೆ 200 ರೂ. ಕಡಿತ. 2025ರ ಎಪ್ರಿಲಿನಿಂದ ಫೆಬ್ರವರಿ ಒಂದು ತಿಂಗಳಿಗೆ ಮಾತ್ರ 300 ಮಾಡಿದ್ದಾರೆ. ವರ್ಷಕ್ಕೆ ಒಟ್ಟು 2,500. ಆಚೆ ಕೇರಳದಲ್ಲಿ ಇದನ್ನು ವಸೂಲು ಮಾಡುವುದು ಪಂಚಾಯತು, ನಗರಸಭೆಗಳು. ಆರು ತಿಂಗಳಿಗೊಮ್ಮೆ, ಹೆಚ್ಚೆಂದರೆ 1,250. ಎರಡು ಕಂತು ಸೇರಿದರೆ ಅದೂ 2,500.

ಎರಡೂ ಕಡೆ ಒಂದೇ ಅಂಕೆ ಬಂದದ್ದು ಆಕಸ್ಮಿಕವಲ್ಲ. ಸಂವಿಧಾನದ 276ನೆಯ ವಿಧಿ ಹಾಕಿದ ಮಿತಿಯೇ ಅದು. ಮೊದಲು 250 ಇತ್ತು, 1988ರ ತಿದ್ದುಪಡಿಯಲ್ಲಿ 2,500 ಆಯಿತು. ಆದರೆ ಈ ಮಿತಿ ಒಂದು ರಾಜ್ಯದ ಮಟ್ಟಿಗೆ. ಎರಡು ರಾಜ್ಯ ಸೇರಿ 2,500 ಎಂದು ಅಲ್ಲಿ ಬರೆದಿಲ್ಲ. ಬೆಳಗ್ಗೆ ಮಂಗಳೂರಲ್ಲಿ, ಸಂಜೆ ಉಪ್ಪಳದಲ್ಲಿ ಕ್ಲಿನಿಕ್ ಇಟ್ಟ ಡಾಕ್ಟರಿಗೆ ಎರಡೂ ಕಡೆಯಿಂದ ಚೀಟಿ ಬರಬಹುದು.

ದಿನಾ ಬಂದು ಹೋಗುವ ನೌಕರನಿಗೆ ಸಂಬಳದಲ್ಲಿ ಮುರಿಯುವುದು ಕೆಲಸದ ಜಾಗ ನೋಡಿ. ಮಂಗಳೂರಲ್ಲಿ ದುಡಿದರೆ ಕರ್ನಾಟಕಕ್ಕೆ. ಮಂಗಳೂರಲ್ಲಿ ಮನೆ ಇದ್ದು ಕಾಸರಗೋಡಿನ ಶಾಖೆಗೆ ಹೋಗುವವರಾದರೆ ಅಲ್ಲಿಯ ನಗರಸಭೆಗೆ. ಮನೆ ಇರುವ ಪಂಚಾಯತಿನಿಂದಲೂ ಕೇಳಿ ಬಂದರೆ ಜಗಳಕ್ಕೆ ಹೋಗುವುದು ಬೇಡ. ಕಡಿತ ನಮೂದಾದ ಸಂಬಳ ಚೀಟಿಯ ಪ್ರತಿ ಇಟ್ಟು ಲಿಖಿತ ಉತ್ತರ ಕೊಡಿ, ಸ್ವೀಕೃತಿ ಪಡೆಯಿರಿ. ಬಾಯಿಮಾತು ಕಚೇರಿಯ ಫೈಲಿನಲ್ಲಿ ಉಳಿಯುವುದಿಲ್ಲ.

ಹೀಗೆ ಕಟ್ಟಿದ ವೃತ್ತಿ ತೆರಿಗೆಯನ್ನು ಆದಾಯದಿಂದ ಕಳೆಯಲು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಅವಕಾಶ. ಹೊಸ ಪದ್ಧತಿಯಲ್ಲಿ ಇಲ್ಲ.

ಎರಡು ಪ್ಯಾನ್ ಇಟ್ಟವರಿಗೆ ಎಚ್ಚರಿಕೆ

ಎರಡು ರಾಜ್ಯವೆಂದರೆ ಎರಡು ಪ್ಯಾನ್ ಬೇಕೆಂದು ತಿಳಿದರೆ ಕೆಟ್ಟಿತು. ಊರಲ್ಲಿ ಒಂದು, ಕೆಲಸ ಸಿಕ್ಕ ಮೇಲೆ ಪೇಟೆಯಲ್ಲಿ ಇನ್ನೊಂದು ಮಾಡಿಸಿಕೊಂಡರೆ 10,000 ರೂ. ದಂಡಕ್ಕೆ ದಾರಿ. ಹೆಚ್ಚಿನದ್ದನ್ನು ಇಲಾಖೆಗೆ ಒಪ್ಪಿಸಿಬಿಡುವುದೇ ಕ್ಷೇಮ. ವಿಳಾಸ ಬದಲಾದರೆ ಹಳೆಯ ಪ್ಯಾನಿನಲ್ಲೇ ತಿದ್ದಿಸಬಹುದು. ನಂಬರು ಬದಲಾಗುವುದಿಲ್ಲ.

ಇನ್ನೊಂದು ಅಪಾಯ ಮೊಬೈಲಿನದ್ದು. ರಿಟರ್ನ್ ತುಂಬಿಸಿ ಕೊಡುವವರು ಅವಸರಕ್ಕೆ ತಮ್ಮದೇ ಮೊಬೈಲ್ ನಂಬರು, ಇ-ಮೇಲ್ ಹಾಕಿಬಿಟ್ಟರೆ ಇಲಾಖೆಯ ನೋಟೀಸು ಹೋಗುವುದು ಅವರಿಗೆ. ಮನೆ ಆಚೆ, ಕೆಲಸ ಈಚೆ, ನೋಟೀಸು ಮೂರನೆಯವನ ಜೇಬಿನಲ್ಲಿ! ಉತ್ತರ ಕೊಡುವ ವಾಯಿದೆ ಕಳೆದ ಮೇಲೆ "ನಮಗೆ ಬರಲೇ ಇಲ್ಲ" ಎಂದರೆ ಕೇಳುವವರಿಲ್ಲ. ನಂಬರು ನಿಮ್ಮದೇ ಇರಲಿ.

ಅಡಿಕೆ ತೋಟ, ಬಾಡಿಗೆ ಕೋಣೆ

ಗಡಿನಾಡಿನ ಸಂಬಳದಾರರಲ್ಲಿ ಹಲವರಿಗೆ ಮನೆಯ ಹಿಂದೆ ನಾಲ್ಕು ಅಡಿಕೆ ಮರ, ತೆಂಗು ಉಂಟು. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ, ನಿಜ. ಹಾಗೆಂದು ಬಚ್ಚಿಡುವಂತಿಲ್ಲ. ವರ್ಷಕ್ಕೆ ನಿವ್ವಳ 5,000 ರೂ. ಮೀರಿದರೆ, ಸಂಬಳದ ಮೇಲಿನ ತೆರಿಗೆಯ ದರ ನಿರ್ಣಯಿಸುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಅಂಥವರು ಎಲ್ಲಕ್ಕಿಂತ ಸುಲಭದ ಒಂದನೆಯ ನಮೂನೆಯ ರಿಟರ್ನ್ ಹಾಕುವಂತಿಲ್ಲ, ಎರಡನೆಯದಕ್ಕೆ ಹೋಗಬೇಕು. ತೋಟ ಯಾವ ರಾಜ್ಯದಲ್ಲಿದ್ದರೂ ನಿಯಮ ಒಂದೇ.

ವಾರವಿಡೀ ಮಂಗಳೂರಲ್ಲಿ ಕೋಣೆ ಹಿಡಿದು ಶನಿವಾರ ಊರಿಗೆ ಹೋಗುವವರು ಹಳೆಯ ಪದ್ಧತಿಯಲ್ಲಿದ್ದರೆ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಕೇಳಬಹುದು. ಸಂಬಳದಲ್ಲಿ ಭತ್ಯೆ ಇರಬೇಕು, ಬಾಡಿಗೆ ನಿಜವಾಗಿ ಕೊಟ್ಟಿರಬೇಕು, ರಶೀದಿ ಇರಬೇಕು. ಊರಲ್ಲಿ ಸ್ವಂತ ಮನೆ ಇದೆಯೆಂಬ ಕಾರಣಕ್ಕೆ ಇದು ತಪ್ಪುವುದಿಲ್ಲ. ಆದರೆ ಸ್ವಂತ ಮನೆಯಿಂದಲೇ ದಿನಾ ಓಡಾಡುವವರಿಗೆ ಈ ವಿನಾಯಿತಿ ಇಲ್ಲ.

ವರ್ಷದ ನಡುವೆ ಕಾಸರಗೋಡಿನ ಕೆಲಸ ಬಿಟ್ಟು ಮಂಗಳೂರಿಗೆ ಸೇರಿದವರೂ ಜಾಗ್ರತೆ. ಹಳೆಯ ಕಡೆಯ ಸಂಬಳದ ವಿವರವನ್ನು ಹೊಸಬರಿಗೆ ಕೊಡದಿದ್ದರೆ ಇಬ್ಬರೂ ಪ್ರತ್ಯೇಕವಾಗಿ ವಿನಾಯಿತಿ ಲೆಕ್ಕ ಹಾಕಿ ಕಡಿಮೆ ತೆರಿಗೆ ಮುರಿಯುತ್ತಾರೆ. ತಿಂಗಳು ತಿಂಗಳು ಕೈಗೆ ಹೆಚ್ಚು ಬಂದದ್ದು ಜುಲೈಯಲ್ಲಿ ಬಡ್ಡಿ ಸಮೇತ ವಾಪಸು ಹೋಗುತ್ತದೆ.

ಸಂಬಳದಾರರ ವಾಯಿದೆ ಸಾಮಾನ್ಯವಾಗಿ ಜುಲೈ 31. ತಪ್ಪಿದರೆ 5,000 ರೂ. ತಡ ಶುಲ್ಕ, ಆದಾಯ 5 ಲಕ್ಷದೊಳಗಿದ್ದರೆ 1,000.

2,500 ರೂಪಾಯಿ ದೊಡ್ಡ ಮೊತ್ತವಲ್ಲ ಎನ್ನಬಹುದು. ತಿಂಗಳಿಗೆ 25,000 ಎಣಿಸಿ, ಅದರಲ್ಲಿ ಬಸ್ಸಿನ ಪಾಸು ತೆಗೆದು, ಮಕ್ಕಳ ಫೀಸು ಕಟ್ಟುವವನಿಗೆ ಅದು ದೊಡ್ಡದೇ. ಅದನ್ನು ಎರಡು ಸಲ ಕೇಳಿಸಿಕೊಳ್ಳುವ ಹೆದರಿಕೆ ಇನ್ನೂ ದೊಡ್ಡದು. ಒಂದು ಕಡೆಯ ರಶೀದಿಯನ್ನು ಇನ್ನೊಂದು ಕಡೆ ಒಪ್ಪಿಕೊಳ್ಳುವ ಸರಳ ಏರ್ಪಾಡನ್ನು ಎರಡು ಸರಕಾರಗಳು ಕೂತು ಮಾತಾಡಿ ಮಾಡಬಹುದು. ಅದರ ಮಾಹಿತಿಯನ್ನು ಗಡಿನಾಡಿನ ಪಂಚಾಯತು ಕಚೇರಿಗಳಲ್ಲಿ ಕನ್ನಡದಲ್ಲಿ ಒಂದು ಹಾಳೆ ಅಂಟಿಸಬಹುದು. ಖರ್ಚಿನ ಬಾಬಲ್ಲ. ಸಂಬಂಧಪಟ್ಟವರು ಮನಸ್ಸು ಮಾಡುವರೇ?