ಕಡೂರು, ತರೀಕೆರೆ, ಅಜ್ಜಂಪುರ ಪರಿಸರದ ಪ್ರಾಚೀನ ಚರಿತ್ರೆ: ಗ್ರಂಥಾಲಯ ಮತ್ತು ಪತ್ರಾಗಾರಗಳ ಆಕರಗಳು

ಒಂದು ಪ್ರದೇಶದ ಚರಿತ್ರೆ ಅಲ್ಲಿಯ ನೆಲದಲ್ಲಿ ಹುಟ್ಟುತ್ತದೆಯಾದರೂ ಅದರ ಆಕರಗಳೆಲ್ಲ ಅಲ್ಲಿಯೇ ಉಳಿದಿರುತ್ತವೆಂದು ಹೇಳಲಾಗದು. ಚಿಕ್ಕಮಗಳೂರು ಜಿಲ್ಲೆಯ ಬಯಲು ಸೀಮೆಗೂ ಮಲೆನಾಡಿನ ಅಂಚಿಗೂ ಸೇರಿದ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳು ಇದಕ್ಕೆ ಉತ್ತಮ ನಿದರ್ಶನಗಳು. ಇಲ್ಲಿಯ ಶಾಸನಗಳ ಪಾಠಗಳು ಬೆಂಗಳೂರು, ಮೈಸೂರುಗಳ ಗ್ರಂಥಭಂಡಾರಗಳಲ್ಲಿವೆ. ಪಾಳೆಯಗಾರರ ಕಾಲದ ಚರಿತ್ರೆಗೆ ಬೇಕಾದ ಕೈಬರಹಗಳನ್ನು ಚೆನ್ನೈ ಮತ್ತು ಲಂಡನ್ನುಗಳಲ್ಲಿಯೂ ಹುಡುಕಬೇಕಾಗುತ್ತದೆ. ಗ್ರಾಮಲೆಕ್ಕದ ಕಡತಗಳು ಹಳೆಯ ಮನೆಗಳ ಅಟ್ಟಗಳಲ್ಲಿವೆ. ಚದುರಿದ ಈ ಆಕರಗಳ ಸ್ವರೂಪವನ್ನು ಪರಿಚಯಿಸಿ, ಅವುಗಳ ರಕ್ಷಣೆ ಹಾಗೂ ಹಂಚಿಕೆಯಲ್ಲಿ ಗ್ರಂಥಾಲಯಗಳು ವಹಿಸಬಹುದಾದ ಪಾತ್ರವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಸನ ಸಂಪುಟಗಳು

ಈ ಭಾಗದ ಚರಿತ್ರೆಗೆ ಮೊದಲ ಭದ್ರ ತಳಹದಿಯನ್ನು ಹಾಕಿದವರು ಬಿ. ಎಲ್. ರೈಸ್. ಅವರ ‘ಎಪಿಗ್ರಾಫಿಯ ಕರ್ನಾಟಿಕ’ ಮಾಲೆಯ ಆರನೆಯ ಸಂಪುಟ ೧೯೦೧ರಲ್ಲಿ ಪ್ರಕಟವಾಯಿತು. ಅಂದಿನ ಕಡೂರು ಜಿಲ್ಲೆಯ ಶಾಸನಗಳು ತಾಲ್ಲೂಕುವಾರು ಕ್ರಮಸಂಖ್ಯೆಯೊಡನೆ ಅದರಲ್ಲಿ ಅಡಕವಾಗಿವೆ. ಮೂಲಪಾಠವಲ್ಲದೆ ಇಂಗ್ಲಿಷ್ ಅನುವಾದವನ್ನೂ, ಪ್ರತಿಯೊಂದು ಕಲ್ಲು ಊರಿನ ಯಾವ ಭಾಗದಲ್ಲಿ, ಯಾವ ದೇವಾಲಯದ ಬಳಿ ಇತ್ತೆಂಬ ಸೂಚನೆಯನ್ನೂ ಕೊಟ್ಟಿರುವುದು ಈ ಸಂಪುಟದ ವಿಶೇಷ. ಕಲ್ಲು ಸ್ಥಳಾಂತರಗೊಂಡಿರುವ ಊರುಗಳಲ್ಲಿ ಈ ಸೂಚನೆಯೇ ಸಂಶೋಧಕನಿಗೆ ಏಕೈಕ ಆಧಾರವಾಗುತ್ತದೆ.

ಈ ಸಂಪುಟದಲ್ಲಿ ಕಡೂರು ತಾಲ್ಲೂಕಿನ ಮೊದಲ ಶಾಸನವೇ ಗಮನಾರ್ಹವಾದುದು. ಕ್ರಿ.ಶ. ೯೭೧ರ ಆ ಶಾಸನ ಪಾಂಬಬ್ಬೆ ಎಂಬ ಜೈನ ಕಂತಿಯ ಮರಣವನ್ನು ದಾಖಲಿಸುತ್ತದೆ. ಗಂಗ ಅರಸ ಬೂತುಗನ ಅಕ್ಕನಾದ ಈಕೆ ತಲೆಗೂದಲನ್ನು ಕಿತ್ತು, ಮೂವತ್ತು ವರ್ಷಗಳ ಕಾಲ ತಪಸ್ಸನ್ನು ನಡೆಸಿ ಮುಡಿಪಿದಳೆಂದು ಅದು ತಿಳಿಸುತ್ತದೆ. ರಾಜಮನೆತನದ ಹೆಣ್ಣುಮಗಳೊಬ್ಬಳ ಬಾಳಿನ ಮೂರು ದಶಕಗಳು ನಮಗೆ ಗೋಚರಿಸುವುದು ಇಷ್ಟು ಅಲ್ಪ ಅಕ್ಷರಗಳಲ್ಲಿ. ಈ ಅಕ್ಷರಗಳು ಅಳಿದರೆ ಆಕೆಯ ಕಥನವನ್ನು ಮರಳಿ ಕಟ್ಟಿಕೊಳ್ಳಲು ಬೇರೆ ದಾರಿ ಕಾಣದು.

ತರೀಕೆರೆ ತಾಲ್ಲೂಕಿನ ಅಮೃತಾಪುರದ ನಿದರ್ಶನ ಬೇರೆ ಬಗೆಯದು. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು ೧೧೯೬ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯ ಮಲ್ಲಿತಮ್ಮನ ಶಿಲ್ಪಕ್ಕೂ, ಎತ್ತರವಾದ ಕಂಬಗಳ ಸಾಲಿಗೂ ಪ್ರಸಿದ್ಧವಾಗಿದೆ. ಇಲ್ಲಿಯ ಶಾಸನವೊಂದನ್ನು, ತರೀಕೆರೆ ೪೫ನ್ನು, ಕವಿ ಜನ್ನನ ರಚನೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಆದ್ದರಿಂದ ಈ ಒಂದು ಕಲ್ಲು ರಾಜಕೀಯ ಚರಿತ್ರೆಗೂ, ವಾಸ್ತುಶಿಲ್ಪದ ಚರಿತ್ರೆಗೂ, ಸಾಹಿತ್ಯ ಚರಿತ್ರೆಗೂ ಸಮಾನವಾಗಿ ಆಕರವಾಗಿದೆ. ಗಂಗರ ಶಾಖೆಯೊಂದರ ನೆಲೆಯಾಗಿದ್ದ ಆಸಂದಿ, ಕವಿ ಲಕ್ಷ್ಮೀಶನ ಹೆಸರಿನೊಡನೆ ಬೆರೆತ ದೇವನೂರು, ಅಯ್ಯನಕೆರೆಯಿಂದ ಹೆಸರಾದ ಸಖರಾಯಪಟ್ಟಣ ಮೊದಲಾದ ಸ್ಥಳಗಳೂ ಇದೇ ಪರಿಸರಕ್ಕೆ ಸೇರಿದವು.

ರೈಸ್ ಅವರ ಕಣ್ಣಿಗೆ ಬೀಳದ ಶಾಸನಗಳನ್ನು ಆರ್. ನರಸಿಂಹಾಚಾರ್, ಎಂ. ಎಚ್. ಕೃಷ್ಣ ಮೊದಲಾದವರ ಕಾಲದ ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಹುಡುಕಬೇಕು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ೧೯೭೨ರಿಂದ ಹೊರತಂದ ಪರಿಷ್ಕೃತ ಸಂಪುಟಗಳಲ್ಲಿ ಚಿಕ್ಕಮಗಳೂರು ಜಿಲ್ಲೆಯ ಶಾಸನಗಳೂ ಸೇರಿವೆ. ಹಳೆಯ ಆವೃತ್ತಿಯ ಸಂಖ್ಯೆಗೂ ಹೊಸ ಆವೃತ್ತಿಯ ಸಂಖ್ಯೆಗೂ ವ್ಯತ್ಯಾಸವಿರುವುದರಿಂದ ಎರಡನ್ನೂ ಜೊತೆಯಲ್ಲಿಟ್ಟುಕೊಂಡು ನೋಡುವುದು ಅಗತ್ಯ.

ಆಡಳಿತ ದಾಖಲೆಗಳು

ಪತ್ರಾಗಾರದಲ್ಲಿ ಈ ತಾಲ್ಲೂಕುಗಳ ಕಡತವನ್ನು ಅರಸುವವರು ಮೊದಲು ಆಡಳಿತ ವಿಭಾಗಗಳ ಬದಲಾವಣೆಯನ್ನು ತಿಳಿದಿರಬೇಕು. ಮೈಸೂರಿನಲ್ಲಿ ಕಮಿಷನರರ ಆಳ್ವಿಕೆ ೧೮೩೧ರಲ್ಲಿ ಆರಂಭವಾಯಿತು. ಕಡೂರು ಜಿಲ್ಲೆ ರಚಿತವಾದುದು ೧೮೬೩ರಲ್ಲಿ. ಎರಡೇ ವರ್ಷಗಳಲ್ಲಿ ಅದರ ಕೇಂದ್ರ ಕಡೂರಿನಿಂದ ಚಿಕ್ಕಮಗಳೂರಿಗೆ ಹೋಯಿತು. ಹೆಸರು ಮಾತ್ರ ೧೯೪೭ರವರೆಗೂ ‘ಕಡೂರು ಜಿಲ್ಲೆ’ ಎಂದೇ ಉಳಿಯಿತು. ಅಜ್ಜಂಪುರವು ತರೀಕೆರೆ ತಾಲ್ಲೂಕಿನ ಹೋಬಳಿಯಾಗಿದ್ದು ಈಚಿನ ವರ್ಷಗಳಲ್ಲಷ್ಟೆ ಪ್ರತ್ಯೇಕ ತಾಲ್ಲೂಕಾಯಿತು. ಹೀಗಾಗಿ ಅಜ್ಜಂಪುರದ ಹೆಸರಿನಲ್ಲಿ ಹುಡುಕಿದವನಿಗೆ ಸಿಕ್ಕದ ದಾಖಲೆ ‘ತರೀಕೆರೆ’, ‘ಕಡೂರು’ ಅಥವಾ ‘ನಗರ ವಿಭಾಗ’ ಎಂಬ ಶೀರ್ಷಿಕೆಯಲ್ಲಿ ಸಿಕ್ಕಬಹುದು. ದಾಖಲೆ ಇಲ್ಲವೆಂದು ತೀರ್ಮಾನಿಸುವ ಮುನ್ನ ಈ ಎಲ್ಲ ಹೆಸರುಗಳಲ್ಲಿಯೂ ಶೋಧಿಸತಕ್ಕದ್ದು.

ತರೀಕೆರೆಯ ಪಾಳೆಯಗಾರರ ಚರಿತ್ರೆಗೂ ಈ ಮಾತು ಅನ್ವಯಿಸುತ್ತದೆ. ಬಸವಾಪಟ್ಟಣ, ಸಂತೆಬೆನ್ನೂರುಗಳಿಂದ ಬಂದು ತರೀಕೆರೆಯಲ್ಲಿ ನೆಲೆಸಿದ ಈ ಮನೆತನ ೧೮೩೦ರ ನಗರದ ದಂಗೆಯಲ್ಲಿ ಪಾಲ್ಗೊಂಡಿತು. ದಂಗೆಯನ್ನು ಅಡಗಿಸಿದವರ ವರದಿಗಳು ಇಂಗ್ಲಿಷಿನಲ್ಲಿ ಹೇರಳವಾಗಿವೆ. ೧೮೩೩ರ ವಿಚಾರಣಾ ಸಮಿತಿಯ ವರದಿ ಅವುಗಳಲ್ಲಿ ಮುಖ್ಯವಾದುದು. ದಂಗೆಯೆದ್ದ ರೈತರ ಮಾತನ್ನು ಕೇಳಬೇಕಾದರೆ ಸ್ಥಳೀಯ ಕನ್ನಡ ಬರಹಗಳಿಗೆ ಮೊರೆಹೋಗಬೇಕು. ಪಾಳೆಯಪಟ್ಟುಗಳ ಕೈಫಿಯತ್ತುಗಳನ್ನು ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸಿದವನು ಕರ್ನಲ್ ಕಾಲಿನ್ ಮೆಕೆಂಜಿ. ಅವನ ಸಂಗ್ರಹ ಇಂದು ಚೆನ್ನೈ ಮತ್ತು ಲಂಡನ್ನುಗಳಲ್ಲಿ ಹಂಚಿಹೋಗಿದೆ. ಅದರ ಕನ್ನಡ ಭಾಗವನ್ನು ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ೧೯೯೪ರಲ್ಲಿ ಪ್ರಕಟಿಸಿದುದು ಆಕರಗಳನ್ನು ನಾಡಿಗೆ ಮರಳಿ ತಂದ ಮಹತ್ತ್ವದ ಕಾರ್ಯ.

ಅಜ್ಜಂಪುರದ ಹೆಸರನ್ನು ನಾಡಿಗೆಲ್ಲ ಪರಿಚಯಿಸಿದುದು ಅಮೃತಮಹಲ್ ತಳಿಯ ದನಗಳ ಸಂವರ್ಧನಾ ಕೇಂದ್ರ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯೇ ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಆಯಿತು. ೧೮೬೦ರಲ್ಲಿ ಮಿತವ್ಯಯದ ಕಾರಣದಿಂದ ಮಂದೆಗಳನ್ನು ಮಾರಿಬಿಟ್ಟ ಸರ್ಕಾರವೇ ೧೮೬೬ರಲ್ಲಿ ಅವನ್ನು ಪುನಃ ಕಟ್ಟತೊಡಗಿತು. ಈ ಇಲಾಖೆಯ ಕಾವಲುಗಳ ಎಲ್ಲೆ, ವಿಸ್ತೀರ್ಣ, ಮೇವಿನ ಹಕ್ಕುಗಳನ್ನು ಕುರಿತ ಹಳೆಯ ದಾಖಲೆಗಳು ಇಂದಿಗೂ ಬರಿಯ ಚರಿತ್ರೆಯ ವಸ್ತುವಲ್ಲ. ಕಾವಲು ಭೂಮಿ ಯಾರದೆಂಬ ವಿವಾದ ಎದ್ದಾಗ ಊರಿನವರಿಗೂ ಸರ್ಕಾರಕ್ಕೂ ಬೇಕಾಗುವ ಸಾಕ್ಷ್ಯಗಳು ಅವು.

ಮನೆಗಳಲ್ಲಿರುವ ಕಡತಗಳು

ಇದುವರೆಗೆ ಹೇಳಿದ ಆಕರಗಳು ಯಾವುದಾದರೊಂದು ಸಂಸ್ಥೆಯ ಆಶ್ರಯದಲ್ಲಿವೆ. ಹೆಚ್ಚಿನ ಅಪಾಯವಿರುವುದು ಮನೆಗಳಲ್ಲಿ ಉಳಿದವಕ್ಕೆ. ಶಾನುಭೋಗರೂ ವರ್ತಕರೂ ಬಳಸುತ್ತಿದ್ದ ಕಡತವೆಂದರೆ ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿಯನ್ನು ಬಳಿದು ಮಡಿಕೆಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ೧೯೬೧ರ ಕಾಯಿದೆಯಿಂದ ಗ್ರಾಮಾಧಿಕಾರಗಳ ವಂಶಪಾರಂಪರ್ಯ ಹಕ್ಕು ರದ್ದಾದ ಮೇಲೆ ಇಂಥ ಹಲವು ಕಡತಗಳು ಉಪಯೋಗವಿಲ್ಲದವೆನಿಸಿ ಮೂಲೆಗೆ ಸೇರಿದವು. ಬಳಪದ ಅಕ್ಷರ ಕೈಯುಜ್ಜಿದರೆ ಅಳಿಯುತ್ತದೆ. ಆದ್ದರಿಂದ ಧೂಳು ಒರೆಸುವುದಕ್ಕೆ ಮೊದಲೇ ಪ್ರತಿ ಮಡಿಕೆಯ ಛಾಯಾಚಿತ್ರ ತೆಗೆಯಬೇಕು. ಒಳ್ಳೆಯ ಮನಸ್ಸಿನಿಂದ ಒದ್ದೆ ಬಟ್ಟೆಯಲ್ಲಿ ಶುಚಿಗೊಳಿಸಿದವನು ಒಂದು ಊರಿನ ಕಂದಾಯದ ಚರಿತ್ರೆಯನ್ನೇ ತೊಡೆದುಹಾಕಿದಂತಾಗುತ್ತದೆ. ಕೆಲವು ಲೆಕ್ಕಪತ್ರಗಳು ಮೋಡಿ ಲಿಪಿಯಲ್ಲಿರುವುದುಂಟು. ಅವನ್ನು ಓದಬಲ್ಲವರು ವಿರಳರಾಗಿದ್ದಾರೆ.

ಶಾಸನಗಳಿಗೂ ಇದೇ ಬಗೆಯ ಆತಂಕವಿದೆ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಕಲ್ಲಿಗೆ ಸುಣ್ಣ ಅಥವಾ ಎಣ್ಣೆಬಣ್ಣ ಬಳಿಯುವುದು, ವೀರಗಲ್ಲುಗಳನ್ನು ಕಟ್ಟೆಗೆ ಸೇರಿಸಿ ಕಟ್ಟುವುದು ಗ್ರಾಮಗಳಲ್ಲಿ ಸಾಮಾನ್ಯ. ಅದು ತಿಳಿವಳಿಕೆಯ ಕೊರತೆಯಿಂದ ಆಗುವ ನಷ್ಟವೇ ಹೊರತು ದುರುದ್ದೇಶದಿಂದಲ್ಲ. ಊರಿನ ಕಲ್ಲು ಏನು ಹೇಳುತ್ತದೆಂಬುದು ಊರಿಗೆ ತಿಳಿದಾಗ ಅದರ ಕಾವಲಿಗೆ ಬೇರೊಬ್ಬರು ಬೇಕಾಗುವುದಿಲ್ಲ.

ಹಂಚಿಕೆಯ ಮಾರ್ಗ

ಇಲ್ಲಿ ಹೊರನಾಡಿನ ಒಂದು ನಿದರ್ಶನವನ್ನು ನೆನೆಯಬಹುದು. ಅಮೆರಿಕದಲ್ಲಿ ಮುದ್ರಕ ಐಸಾಯ ಥಾಮಸ್ ೧೮೧೨ರಲ್ಲಿ ವುಸ್ಟರ್ ಎಂಬ ಒಳನಾಡಿನ ಊರಿನಲ್ಲಿ ಪುರಾತನ ವಸ್ತುಗಳ ಸಂಘವೊಂದನ್ನು ಸ್ಥಾಪಿಸಿ ತನ್ನ ಪುಸ್ತಕಭಂಡಾರವನ್ನೇ ಅದಕ್ಕೆ ಕೊಟ್ಟನು. ದೊಡ್ಡ ಗ್ರಂಥಗಳೊಡನೆ ಪತ್ರಿಕೆ, ಪಂಚಾಂಗ, ಕರಪತ್ರಗಳನ್ನೂ ಕೂಡಿಟ್ಟುದರಿಂದ ಆ ಸಂಗ್ರಹ ಆ ದೇಶದ ಆರಂಭಕಾಲದ ಚರಿತ್ರೆಗೆ ಮುಖ್ಯ ಆಕರವಾಯಿತು. ರಾಜಧಾನಿಯಲ್ಲದ ಊರಿನಲ್ಲಿಯೂ ಸಂಗ್ರಹ ಬೆಳೆಯಬಲ್ಲದು, ಅಲ್ಪವೆಂದು ತೋರುವ ಕಾಗದಕ್ಕೂ ಬೆಲೆಯುಂಟು ಎಂಬ ಎರಡು ಪಾಠಗಳನ್ನು ನಾವು ಇದರಿಂದ ಪಡೆಯಬಹುದು.

ನಮ್ಮಲ್ಲಿ ಅನುಕೂಲಗಳು ಇಲ್ಲವೆನ್ನುವಂತಿಲ್ಲ. ೧೯೬೫ರ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಗ್ರಂಥಾಲಯ ಕರದ ಆಧಾರವನ್ನು ಒದಗಿಸಿದೆ. ೨೦೦೩ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಹಸ್ತಪ್ರತಿಗಳ ಸೂಚಿಯನ್ನು ಸಿದ್ಧಪಡಿಸುವ ಪದ್ಧತಿಯನ್ನು ತೋರಿಸಿಕೊಟ್ಟಿತು. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಸಾರ್ವಜನಿಕರಿಗೆ ಒದಗಿಸುವ ಕಾರ್ಯವನ್ನು ಕೈಗೊಂಡಿದೆ. ರೈಸ್ ಅವರ ಸಂಪುಟಗಳು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ.

ಆದುದರಿಂದ ತಾಲ್ಲೂಕು ಕೇಂದ್ರದ ಗ್ರಂಥಾಲಯಗಳು ಮೂರು ಕಾರ್ಯಗಳನ್ನು ಕೈಗೊಳ್ಳಬಹುದು. ಮೊದಲನೆಯದು, ತಾಲ್ಲೂಕಿನ ಶಾಸನಗಳನ್ನೂ ವರದಿಗಳನ್ನೂ ಗ್ರಾಮವಾರು ಸೂಚಿಯೊಡನೆ ಒಂದು ಕಪಾಟಿನಲ್ಲಿ ಒದಗಿಸುವುದು. ಎರಡನೆಯದು, ಮನೆಗಳಲ್ಲಿರುವ ಕಡತ, ಓಲೆಗರಿಗಳನ್ನು ಮಾಲಿಕರಿಂದ ಕಿತ್ತುಕೊಳ್ಳದೆ ಪ್ರತಿ ತೆಗೆದು ಮೂಲವನ್ನು ಮರಳಿಸುವುದು. ಈ ನಂಬಿಕೆ ಬೆಳೆಯದೆ ಯಾವ ಅಟ್ಟದ ಬಾಗಿಲೂ ತೆರೆಯದು. ಮೂರನೆಯದು, ದೊರೆತ ಸ್ಥಳ, ದಿನಾಂಕ, ಅಂದಿನ ಸ್ಥಿತಿಗಳನ್ನು ತಪ್ಪದೆ ದಾಖಲಿಸುವುದು. ಮೂಲಸ್ಥಾನ ತಿಳಿಯದ ಆಕರ ಅರ್ಧ ಬೆಲೆಯನ್ನು ಕಳೆದುಕೊಂಡಂತೆಯೇ ಸರಿ.

ಒಟ್ಟಿನಲ್ಲಿ ಕಡೂರು, ತರೀಕೆರೆ, ಅಜ್ಜಂಪುರಗಳ ಚರಿತ್ರೆ ಬರೆಯಲು ಆಕರಗಳ ಅಭಾವವಿಲ್ಲ. ಅವು ಒಂದೆಡೆ ಕಾಣಸಿಗದಿರುವುದೇ ಕೊರತೆ. ಪಾಂಬಬ್ಬೆಯ ಶಾಸನವನ್ನು ದೂರದ ವಿದ್ವಾಂಸರು ನೂರು ವರ್ಷಗಳಿಗೂ ಮಿಗಿಲಾಗಿ ಓದುತ್ತ ಬಂದಿದ್ದಾರೆ. ಕಡೂರಿನ ಶಾಲಾ ಬಾಲಕಿಯೊಬ್ಬಳು ತನ್ನ ಊರಿನ ಗ್ರಂಥಾಲಯದಲ್ಲಿಯೇ ಅದನ್ನು ಓದುವಂತಾದಾಗ ಈ ಸಂಗ್ರಹಗಳ ಉದ್ದೇಶ ಸಾರ್ಥಕವಾದಂತೆ.