ಫ್ರೆಂಚ್ ಭೂತಕಾಲದೊಳಗಿನ ವರ್ತಮಾನ

ಫ್ರೆಂಚಿನಲ್ಲಿ 'ಪತ್ರ ಬರೆದೆ' ಎನ್ನಲು ಇಂದಿನ ಆಡುಮಾತಿನಲ್ಲಿ ಒಂದು ಕ್ರಿಯಾಪದ ಸಾಲದು. 'ಝೇ ಎಕ್ರಿ ಲಾ ಲೆತ್ರ್' ಎನ್ನಬೇಕು. 'ಎಕ್ರಿ' ಎಂದರೆ ಬರೆದದ್ದು. 'ಝೇ'ಯಲ್ಲಿ 'ನಾನು' ಎಂಬುದರ ಜೊತೆಗೆ 'ಅವ್ವಾರ್' ಕ್ರಿಯಾಪದವೂ ಸೇರಿಕೊಂಡಿದೆ; ತನ್ನ ಬಳಿ ಇಟ್ಟುಕೊಂಡಿರುವುದು ಎಂಬುದು ಅದರ ಅರ್ಥ. ಅದೂ ವರ್ತಮಾನ ರೂಪದಲ್ಲಿ! 'ಪಾಸೆ ಕೊಂಪೊಜೆ', ಅಂದರೆ ಸಂಯುಕ್ತ ಭೂತಕಾಲ, ಎಂದು ಇದಕ್ಕೆ ಹೆಸರು. ಮುಗಿದುಹೋದ ಕೆಲಸವನ್ನು ಹೇಳಲು ಈ ವರ್ತಮಾನವೇಕೆ?

ಉತ್ತರ ಲ್ಯಾಟಿನ್‌ನಲ್ಲಿದೆ. 'ಬರೆದೆ' ಎನ್ನಲು ಅಲ್ಲಿ 'ಸ್ಕ್ರಿಪ್ಸಿ' ಎಂಬ ಒಂದೇ ಪದವಿತ್ತು. ಅದರ ಪಕ್ಕದಲ್ಲೇ 'ಹಾಬೆಯೊ ಎಪಿಸ್ತುಲಮ್ ಸ್ಕ್ರಿಪ್ತಮ್' ಎಂಬಂಥ ಜೋಡಣೆಯೂ ಸಾಧ್ಯವಿತ್ತು: ಬರೆದು ಮುಗಿಸಿದ ಪತ್ರವೊಂದು ನನ್ನ ಬಳಿ ಇದೆ. ಬರೆದವರು ಯಾರೋ ಇರಬಹುದು. ಆದರೆ ಬರೆದ ಪತ್ರ ಯಾರ ಕೈಯಲ್ಲಿದೆಯೋ ಅವರೇ ಬರೆದಿರಬೇಕೆಂದು ಕೇಳುಗರು ಊಹಿಸುವುದು ಸಹಜ. ಶತಮಾನಗಳಲ್ಲಿ ಆ ಊಹೆಯೇ ಅರ್ಥವಾಗಿ ಗಟ್ಟಿಗೊಂಡಿತು, ಒಡೆತನ ಸವೆದುಹೋಯಿತು. ಸ್ವತಂತ್ರ ಪದವೊಂದು ಹೀಗೆ ವ್ಯಾಕರಣದ ಉಪಕರಣವಾಗುವ ಕ್ರಿಯೆಗೆ ಫ್ರೆಂಚ್ ಭಾಷಾವಿಜ್ಞಾನಿ ಆಂತ್ವಾನ್ ಮೆಯ್ಯೆ 1912ರಲ್ಲಿ ವ್ಯಾಕರಣೀಕರಣವೆಂಬ ಹೆಸರು ಕೊಟ್ಟರು.

ಒಡೆತನದಿಂದ ಭೂತಕಾಲಕ್ಕೆ ಸಾಗುವ ಈ ದಾರಿ ಯುರೋಪಿನ ಹೊರಗೆ ಬಹಳ ಅಪರೂಪ. ಕನ್ನಡದ ಆಡುಮಾತಿನಲ್ಲಿ ಒಡೆತನವನ್ನು ಹೇಳುವುದೂ 'ಇರು' ಧಾತುವೇ: ನನಗೆ ಇಬ್ಬರು ಮಕ್ಕಳಿದ್ದಾರೆ, ನನ್ನ ಹತ್ತಿರ ದುಡ್ಡಿದೆ. ಹಾಗಾಗಿ ನಮ್ಮ 'ಬರೆದಿದ್ದೇನೆ' ಹುಟ್ಟಿದ್ದು 'ಬರೆದು', 'ಇದ್ದೇನೆ' ಎರಡೂ ಕೂಡಿ.

ಫ್ರೆಂಚಿನಲ್ಲೂ ಕೆಲವು ಕ್ರಿಯಾಪದಗಳು 'ಇರು' ಎಂಬರ್ಥದ 'ಎತ್ರ್' ಅನ್ನೇ ಬೇಡುತ್ತವೆ. ಹೋಗು, ಬರು, ಹುಟ್ಟು, ಸಾಯು ಇತ್ಯಾದಿ. ಶಾಲೆಗಳಲ್ಲಿ ಇದನ್ನು ಬಾಯಿಪಾಠ ಮಾಡಿಸುತ್ತಾರೆ. ಒಳಗಿನ ತರ್ಕವನ್ನು ತೋರಿಸಿದರೆ ಕಲಿಯುವವರಿಗೆ ಎಷ್ಟೋ ಹಗುರವಾದೀತು. ಅಕರ್ಮಕ ಕ್ರಿಯಾಪದಗಳಲ್ಲಿ ಎರಡು ಜಾತಿಗಳಿವೆ ಎಂದು 1978ರಲ್ಲಿ ಡೇವಿಡ್ ಪರ್ಲ್‌ಮಟರ್ ವಾದಿಸಿದರು. ನಗುವುದು, ಕುಣಿಯುವುದು ಕರ್ತೃ ಮಾಡುವ ಕೆಲಸ. ಹುಟ್ಟುವುದು, ಸಾಯುವುದು ಕರ್ತೃವಿಗೆ ಆಗುವ ಬದಲಾವಣೆ. ಮೊದಲನೆಯ ಗುಂಪು 'ಅವ್ವಾರ್' ಕಡೆಗೆ ವಾಲುತ್ತದೆ, 'ಎತ್ರ್' ಹಿಡಿಯುವವು ಎರಡನೆಯದರಿಂದ ಬರುತ್ತವೆ. ಆದರೆ ಕಣ್ಮರೆಯಾಗು ಎಂಬರ್ಥದ ಕ್ರಿಯಾಪದದಂಥವು ಸಾಮಾನ್ಯವಾಗಿ 'ಅವ್ವಾರ್' ಹಿಡಿದು ನಿಯಮವನ್ನು ಮೀರುತ್ತವೆ. ಒಂದೇ ಕ್ರಿಯಾಪದ ಎರಡೂ ಕಡೆ ಹೋಗುವುದುಂಟು: 'ಝ ಸ್ವೀ ಮೊಂತೆ' ಎಂದರೆ ನಾನು ಮೇಲೇರಿದೆ, 'ಝೇ ಮೊಂತೆ ಲಾ ವಲೀಝ್' ಎಂದರೆ ಪೆಟ್ಟಿಗೆಯನ್ನು ಮೇಲಕ್ಕೆ ಒಯ್ದೆ.

'ನಾನು ಬರೆದ ಪತ್ರ' ಎನ್ನುವಾಗ 'ಎಕ್ರಿ' ಇದ್ದಕ್ಕಿದ್ದಂತೆ 'ಎಕ್ರೀತ್' ಆಗುತ್ತದೆ. ಕರ್ಮಪದ ಮೊದಲೇ ಬಂದರೆ ಕೃದಂತ ಅದರ ಲಿಂಗ, ವಚನಕ್ಕೆ ಹೊಂದಬೇಕು. ಫ್ರೆಂಚಿನಲ್ಲಿ ಪತ್ರ ಸ್ತ್ರೀಲಿಂಗ. ಈ ನಿಯಮವನ್ನು ಹದಿನಾರನೆಯ ಶತಮಾನದಲ್ಲಿ ಕವಿ ಕ್ಲೆಮಾಂ ಮಾರೊ ಪದ್ಯ ಕಟ್ಟಿ ಶಿಷ್ಯರಿಗೆ ಹೇಳಿದ್ದ. 'ಸ್ಕ್ರಿಪ್ತಮ್' ಪತ್ರದ ವಿಶೇಷಣವಾಗಿದ್ದ ಕಾಲದ ಉಳಿಕೆ ಇದೆಂದೇ ನನಗೆ ಇದರ ಮೇಲೆ ಪ್ರೀತಿ. ಆದರೆ ಬಹುತೇಕ ಕ್ರಿಯಾಪದಗಳಲ್ಲಿ ಈ ವ್ಯತ್ಯಾಸ ಬರವಣಿಗೆಯಲ್ಲಷ್ಟೇ ಕಾಣುತ್ತದೆ, ಕಿವಿಗೆ ಬೀಳುವುದಿಲ್ಲ. 'ಅವ್ವಾರ್' ಜೊತೆ ಇದನ್ನು ಕೈಬಿಡೋಣವೆಂದು 2018ರಲ್ಲಿ ಬೆಲ್ಜಿಯಂನ ಇಬ್ಬರು ಮಾಜಿ ಶಿಕ್ಷಕರು ಮುಂದಿಟ್ಟ ಸಲಹೆ ದೊಡ್ಡ ಚರ್ಚೆ ಎಬ್ಬಿಸಿತು.

ಪಾಸೆ ಕೊಂಪೊಜೆಯ ಬಳಕೆಯ ಎಲ್ಲೆಯೂ ಸರಿದಿದೆ. 1637ರಲ್ಲಿ ರಂಗಕ್ಕೆ ಬಂದ ಕೊರ್ನೇಯ್‌ನ 'ಲ ಸಿದ್' ನಾಟಕವನ್ನು ವಿಮರ್ಶಿಸುತ್ತ ಫ್ರೆಂಚ್ ಅಕಾಡೆಮಿ ಒಂದು ಸಾಲಿನಲ್ಲಿ ತಪ್ಪು ಹಿಡಿಯಿತು. ಘಟನೆ ನಡೆದು ಇನ್ನೂ ಒಂದು ರಾತ್ರಿಯೂ ಕಳೆದಿಲ್ಲ, ಆದ್ದರಿಂದ ಒಂದೇ ಪದದ ಸರಳ ಭೂತಕಾಲ ಸಲ್ಲದು, ಸಂಯುಕ್ತ ರೂಪವೇ ಬೇಕಿತ್ತು ಎಂಬುದು ಅದರ ಆಕ್ಷೇಪ. ಇಂದು ನಡೆದದ್ದಕ್ಕೆ ಒಂದು ರೂಪ, ನಿನ್ನೆ ಮತ್ತು ಅದಕ್ಕೂ ಹಿಂದಿನದಕ್ಕೆ ಇನ್ನೊಂದು. ಆಮೇಲೆ ಮಾತಿನಲ್ಲಿ ಆ ಗಡಿ ಅಳಿಸಿಹೋಯಿತು. ಸರಳ ರೂಪ ಈಗ ಮುಖ್ಯವಾಗಿ ಕಾದಂಬರಿ, ಕಥೆ, ಚರಿತ್ರೆಗಳ ಪುಟದಲ್ಲಿದೆ. ಅಲ್ಲೂ 1942ರಲ್ಲಿ ಆಲ್ಬೇರ್ ಕಮೂ 'ಲೆತ್ರಾಂಝೆ' ಕಾದಂಬರಿಯ ನಿರೂಪಣೆಗೆ ಪ್ರಧಾನವಾಗಿ ಪಾಸೆ ಕೊಂಪೊಜೆಯನ್ನೇ ಆರಿಸಿಕೊಂಡ.

ದಕ್ಷಿಣ ಜರ್ಮನಿಯ, ಉತ್ತರ ಇಟಲಿಯ ಆಡುಮಾತುಗಳಲ್ಲೂ ಸಂಯುಕ್ತ ರೂಪ ಹೀಗೆಯೇ ಸರಳ ರೂಪವನ್ನು ಹಿಂದಕ್ಕೆ ತಳ್ಳಿದೆ. ಇಂಗ್ಲಿಷ್ ಇಷ್ಟು ದೂರ ಬಂದಿಲ್ಲ. 'ನಿನ್ನೆ' ಎಂದ ಕೂಡಲೇ ಅಲ್ಲಿ ಸಂಯುಕ್ತ ರೂಪವನ್ನು ಬಿಡಬೇಕು. ಇಂಗ್ಲಿಷ್ ಓದಿದ ಮೇಲೆ ಫ್ರೆಂಚ್ ಕಲಿಯುವ ಕನ್ನಡಿಗರು ಈ ಹಿಂಜರಿಕೆಯನ್ನು ಜೊತೆಗೆ ತರಬೇಕಿಲ್ಲ: 'ಇಯೆರ್, ಝೇ ಎಕ್ರಿ ಲಾ ಲೆತ್ರ್', ನಿನ್ನೆ ಪತ್ರ ಬರೆದೆ, ಎಂಬುದು ಅಚ್ಚುಕಟ್ಟಾದ ಫ್ರೆಂಚ್.